ವಧಾವಾ ಸಿಂಗನ ಬಲಗೈ

ಖೇಮ್ ಕೌರಳ ಎಡಗಿವಿ ಕೇಳುತ್ತಿರಲಿಲ್ಲ. ಮದುವೆಯಾಗಿ ಬಂದ ಎರಡನೆಯ ಚಳಿಗಾಲದಲ್ಲಿ ಗಂಡ ವಧಾವಾ ಸಿಂಗನ ಬಲಗೈ ಆ ಕೆನ್ನೆಯ ಮೇಲೆ ಬಿದ್ದಿತ್ತು. ಆಮೇಲೆ ಆ ಕಿವಿಯಲ್ಲಿ ಉಳಿದದ್ದು ಒಂದು ಸಣ್ಣ ಸದ್ದು ಮಾತ್ರ, ದೂರದ ಬಾವಿಯ ರಾಟೆ ಎಣ್ಣೆಯಿಲ್ಲದೆ ತಿರುಗಿದ ಹಾಗೆ. ಕೋಟಲಿ ಊರಿನ ಹೆಂಗಸರು ಅವಳ ಜೊತೆ ಮಾತಾಡುವಾಗ ತಾವಾಗಿಯೇ ಬಲಕ್ಕೆ ಬಂದು ನಿಲ್ಲುತ್ತಿದ್ದರು. ಏನಾಯಿತು ಎಂದು ಒಬ್ಬರೂ ಕೇಳಿರಲಿಲ್ಲ. ಕೇಳದಿದ್ದುದೇ ಅವರಿಗೆಲ್ಲ ಗೊತ್ತಿದೆ ಎನ್ನುವುದಕ್ಕೆ ಸಾಕ್ಷಿ.

ಆ ಕೈ ಸುತ್ತಲಿನ ಊರುಗಳಿಗೆಲ್ಲ ಪರಿಚಿತ. ಮದವೇರಿದ ಹೋರಿಯನ್ನು ಕೊಂಬು ಹಿಡಿದು ಮಂಡಿಯೂರಿಸಿದ ಕೈ. ಕಾಲುವೆ ನೀರಿನ ಸರದಿಯ ಜಗಳದಲ್ಲಿ ಎದುರಾಳಿಯ ಹಲ್ಲು ಉದುರಿಸಿದ ಕೈ. ಮನೆಯೊಳಗೆ ಅದು ಮಾಡಿದ್ದು ಮನೆಯ ಮಣ್ಣುಗೋಡೆಗಳಿಗೆ ಗೊತ್ತು. ಖೇಮ್ ಕೌರ್ ಮೊದಲ ಸಲ ಕೂಗಿದ್ದಳು; ಯಾರೂ ಬರಲಿಲ್ಲ. ಆಮೇಲೆ ಕೂಗುವುದನ್ನೇ ಬಿಟ್ಟಳು. ಒಂದು ಬೇಸಿಗೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಇಳಿದುಹೋಯಿತು. ಬಾವಿಕಟ್ಟೆಯಲ್ಲಿ ಕಾಲು ಜಾರಿದಳು ಎಂದು ಅತ್ತೆ ಅತರ್ ಕೌರ್ ಊರಿಗೆಲ್ಲ ಹೇಳಿಕೊಂಡು ಬಂದಳು. ಹೇಳುವಾಗ ಸೊಸೆಯ ಮುಖ ನೋಡಲಿಲ್ಲ.

ಗುರು ಕಾ ಬಾಗ್‌ನ ಸುದ್ದಿ ಕೋಟಲಿಗೆ ಬಂದದ್ದು ಭಾದೋಂ ತಿಂಗಳಲ್ಲಿ, ಮಳೆ ಹಿಂದೆಗೆದು ನೆಲ ಆವಿಯಾಡುತ್ತಿದ್ದ ದಿನಗಳಲ್ಲಿ. ಅಲ್ಲಿನ ಗುರುದ್ವಾರ ಜನರ ಕೈಗೆ ಬಂದಿತ್ತು. ಆದರೆ ಪಕ್ಕದ ಜಾಲಿತೋಪು ತನ್ನದೇ ಎಂದು ಗುರುದ್ವಾರವನ್ನು ಹಿಂದೆ ನಡೆಸುತ್ತಿದ್ದ ಮಹಂತ ಪಟ್ಟು ಹಿಡಿದಿದ್ದ. ಲಂಗರ್‌ನ ಒಲೆಗೆ, ಬಂದವರಿಗೆಲ್ಲ ಊಟವಿಡುವ ಒಲೆಗೆ, ಒಣಜಾಲಿ ಕಡಿದವರನ್ನು ಪೊಲೀಸರು ಕಳ್ಳರೆಂದು ಹಿಡಿದರು. ಗುರುವಿನ ಮರ, ಗುರುವಿನ ಒಲೆ, ಇದರಲ್ಲಿ ಕಳ್ಳ ಯಾರು ಎಂದು ಜನ ಕೇಳಿದರು. ಉತ್ತರವಾಗಿ ಕಬ್ಬಿಣದ ತುದಿಯ ಲಾಠಿಗಳು ಬಂದವು. ಅಂದಿನಿಂದ ದಿನವೂ ಅಮೃತಸರದ ಸಿಖ್ ಗುರುಪೀಠ ಅಕಾಲ್ ತಖ್ತ್‌ನಿಂದ ನೂರು ಜನರ ಜಾಥಾ ಹೊರಡುತ್ತಿತ್ತು. ಕಪ್ಪು ಪೇಟ, ಅದಕ್ಕೆ ಸುತ್ತಿದ ಬಿಳಿ ಹೂವಿನ ಮಾಲೆ. ಹೊರಡುವ ಮುಂಚೆ ಎಲ್ಲರೂ ನಿಂತು ಪ್ರತಿಜ್ಞೆ ಮಾಡುತ್ತಿದ್ದರು: ಏನೇ ಆದರೂ ಮಾತಿನಿಂದ ನೋಯಿಸೆವು, ಕೈ ಎತ್ತೆವು.

ನಗರದಿಂದ ಬಂದ ಒಬ್ಬಾತ ಕೋಟಲಿಯ ಧರ್ಮಶಾಲೆಯಲ್ಲಿ ನಿಂತು ಯಾರು ಬರುತ್ತೀರಿ ಎಂದು ಕೇಳಿದ. ಹೆಸರುಗಳು ಒಂದೊಂದಾಗಿ ಎದ್ದವು. ನೇಕಾರರ ಮನೆಯಿಂದ ಇಬ್ಬರು, ಫ್ರಾನ್ಸಿನ ಯುದ್ಧದಿಂದ ಪದಕ ತಂದಿದ್ದ ಒಬ್ಬ ಸಿಪಾಯಿ, ಕಣ್ಣು ಮಂಜಾದ ಒಬ್ಬ ಮುದುಕ. ಹೆಂಗಸರು ಗೋಡೆಯ ಆಚೆ ಕೂತು ಕೇಳುತ್ತಿದ್ದರು. ಊರ ಪಟೇಲ ಲಂಬರದಾರನ ಅಣ್ಣನ ಮಗ ಝಂಡಾ ಸಿಂಗನ ದನಿ ಅವರಿಗೆ ಚೆನ್ನಾಗಿ ಕೇಳಿಸಿತು.

"ನಮ್ಮ ವಧಾವನ್ನ ಮಾತ್ರ ಕರೀಬೇಡಿ ಕಣ್ರಪ್ಪ. ಅವನಿಗೆ ಕೈ ಎತ್ತಬೇಡ ಅನ್ನೋದೂ, ಹೋರಿಗೆ ಗದ್ದೆ ಮೂಸಬೇಡ ಅನ್ನೋದೂ ಒಂದೇ. ಅರ್ಧ ದಾರೀಲೇ ಪ್ರತಿಜ್ಞೇನ ಕಾಲುವೆಗೆ ಬಿಟ್ಟು ಬರ್ತಾನೆ."

ನಗು ಎದ್ದಿತು. ನಗು ನಿಲ್ಲುವ ಮೊದಲೇ ವಧಾವಾ ಸಿಂಗ್ ಎದ್ದು ನಿಂತಿದ್ದ. ಗುರುವಿನ ಮೇಲಿನ ಭಕ್ತಿಗೋ, ಝಂಡಾನ ಮೇಲಿನ ಸಿಟ್ಟಿಗೋ, ಅವನಿಗೂ ಆಗ ಗೊತ್ತಿರಲಿಲ್ಲ.

ಪೇಟಕ್ಕೆ ಬಣ್ಣ ಹಾಕಿದ್ದು ಖೇಮ್ ಕೌರ್. ಜಾಲಿತೊಗಟೆಯನ್ನೂ ತುಕ್ಕು ಹಿಡಿದ ಹಳೆಯ ಗುಳವನ್ನೂ ಕುದಿಸಿ, ಬಟ್ಟೆ ಅದ್ದಿ, ಬೇಲಿಯ ಮೇಲೆ ಹರವಿದಳು. ಬೆರಳುಗಳಿಗೆ ಹಿಡಿದ ಕಪ್ಪು, ಬೂದಿಯಲ್ಲಿ ತಿಕ್ಕಿದರೂ ಹೋಗಲಿಲ್ಲ.

ಗುರು ಕಾ ಬಾಗ್ ಕೋಟಲಿಯಿಂದ ಒಂದು ಹೊತ್ತಿನ ನಡಿಗೆ. ಗಂಡನ ಜಾಥಾ ಅಲ್ಲಿಗೆ ಮುಟ್ಟುವ ದಿನ ಖೇಮ್ ಕೌರ್, ಅತ್ತೆ, ಊರಿನ ಇನ್ನಷ್ಟು ಹೆಂಗಸರು ಗಾಯಾಳುಗಳಿಗೆಂದು ಹಾಲಿನ ಗಡಿಗೆ ಹೊತ್ತು ಹೋಗಿ ಕಾಲುವೆಯ ಏರಿಯ ಮೇಲೆ ಕೂತರು. ನೆತ್ತಿ ಸುಡುವ ಹೊತ್ತು. ಹಾಡು ಮೊದಲು ಬಂತು, ಆಮೇಲೆ ಧೂಳು, ಆಮೇಲೆ ಜನ. ಪೊಲೀಸರ ಸಾಲಿನ ಎದುರಿಗೆ ಬಂದದ್ದೇ ನೂರೂ ಜನ ನೆಲದ ಮೇಲೆ ಕೂತರು. ಯಾರೋ ಏನೋ ಆಜ್ಞೆ ಕೊಟ್ಟರು.

ಖೇಮ್ ಕೌರ್ ಊರಲ್ಲಿ ಎಷ್ಟೋ ಹೊಡೆದಾಟ ಕಂಡವಳು. ಹೊಡೆದಾಟಕ್ಕೆ ಒಂದು ಗದ್ದಲವಿರುತ್ತದೆ: ಬೈಗುಳ, ಕೇಕೆ, ಹೆಂಗಸರ ಗೋಳು. ಇಲ್ಲಿ ಅದು ಯಾವುದೂ ಇರಲಿಲ್ಲ. ಲಾಠಿ ಮೈಗೆ ತಾಗುವ ಸದ್ದು ಮಾತ್ರ, ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ, ಧಬ್, ಧಬ್. ನಡುವೆ ತುಟಿಯೊಳಗೇ ಹೇಳಿದ ವಾಹೆಗುರು. ಬಿದ್ದವರು ಎದ್ದರು, ಎದ್ದವರು ಬಂದು ಅದೇ ಜಾಗದಲ್ಲಿ ಕೂತರು. ಮತ್ತೆ ಬಿದ್ದರು. ಬಿಳಿ ಹೂಗಳು ಧೂಳಿನಲ್ಲಿ ಉರುಳಾಡಿದವು. ಜಾಲಿಮರದಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಹೊಡೆಯುತ್ತಿದ್ದವರೇ ನಡುನಡುವೆ ನಿಂತು ಸುತ್ತ ನೋಡುತ್ತಿದ್ದರು, ಕೂಗು ಎಲ್ಲಿ ಹೋಯಿತು ಎಂದು ಹುಡುಕುವವರಂತೆ.

ವಧಾವಾ ಸಿಂಗನ ಹೆಗಲ ಮೇಲೆ ಒಂದು ಏಟು ಬಿತ್ತು. ಅವನ ಬಲಗೈ ಅಂಗೈ ಮೇಲಾಗಿ ಧೂಳಿನಲ್ಲಿ ಬಿದ್ದುಕೊಂಡಿತ್ತು. ಖೇಮ್ ಕೌರಳ ಕಣ್ಣು ಅದರ ಮೇಲೆಯೇ. ಈಗ ಮುಷ್ಟಿಯಾಗುತ್ತದೆ, ಈಗ ಏಳುತ್ತದೆ ಎಂದುಕೊಂಡಳು. ಏಟು ಬಿದ್ದಾಗಲೆಲ್ಲ ಬೆರಳುಗಳು ಒಮ್ಮೆ ನಡುಗಿ ಇನ್ನಷ್ಟು ಬಿಚ್ಚಿಕೊಂಡವು. ಆಗ ಅವನ ಮುಖ ಏರಿಯ ಕಡೆಗೆ ಹೊರಳಿತು. ಆ ಮುಖ ಅವಳಿಗೆ ಗೊತ್ತಿತ್ತು. ಏಟು ತಿಂದ ಮೇಲೆ ಬಾವಿನೀರಲ್ಲಿ ಅವಳು ಎಷ್ಟೋ ಸಲ ತೊಳೆದುಕೊಂಡ ತನ್ನದೇ ಮುಖ ಅದು.

ಆ ಕ್ಷಣ ಅವಳ ಕಿವುಡು ಕಿವಿಯೊಳಗಿನ ರಾಟೆ ನಿಂತಿತು.

ಅವನನ್ನು ಗಾಡಿಯಲ್ಲಿ ಹಾಕಿ ನಗರದ ಆಸ್ಪತ್ರೆಗೆ ಒಯ್ದರು. ಅಲ್ಲಿಂದ ಮನೆಗೆ ಬಂದ ಮೇಲೂ ಜ್ವರ ಬಿಡಲಿಲ್ಲ. ಅಷ್ಟರಲ್ಲಿ ಏಟು ನಿಂತು ಬಂಧನಗಳು ಶುರುವಾದವು. ಸಾವಿರಾರು ಜನ ಜೈಲು ತುಂಬಿದರು. ಕಡೆಗೆ ಸರ್ಕಾರವೇ ದಾರಿ ಹುಡುಕಿಕೊಂಡು ಹಿಂದೆ ಸರಿಯಿತು. ಲಂಗರ್‌ನ ಒಲೆಗೆ ಜಾಲಿ ಕಡಿಯಲು ಯಾರೂ ಅಡ್ಡ ಬರಲಿಲ್ಲ. ಅಕಾಲ್ ತಖ್ತ್‌ನಲ್ಲಿ ಜನ ಸೇರಿ ಸಮಾಪ್ತಿಯ ಪ್ರಾರ್ಥನೆ, ಅರದಾಸ, ಹೇಳಿದ ದಿನ ವಧಾವಾ ಸಿಂಗ್ ಕಂಬಳಿ ಹೊದ್ದು ಕನವರಿಸುತ್ತಿದ್ದ.

ಜ್ವರ ಇಳಿಯಿತು. ಹೆಗಲಿನ ಗಾಯ ಮಾಯಿತು. ಬಲಗೈ ಮಾತ್ರ ಎದೆಯಿಂದ ಮೇಲಕ್ಕೆ ಏಳಲಿಲ್ಲ.

ಮೂಳೆ ಕೂರಿಸುವ ರೋಡಾ ಬಂದು ಒತ್ತಿ, ಹಿಂಡಿ, ತಿರುಗಿಸಿ ನೋಡಿದ. "ಮೂಳೆ ಕೂಡಿದೆ. ನರ ಜೀವಂತ ಇದೆ. ಕೈ ಬೆಚ್ಚಗಿದೆ," ಅಂದ ಅತರ್ ಕೌರಳಿಗೆ. "ಯಾಕೆ ಏಳಲ್ಲ ಅಂದ್ರೆ ನನ್ನ ಕೇಳಿ ಏನುಪಯೋಗ ಬೇಬೆ? ಕೈಯನ್ನೇ ಕೇಳಿ."

ನೇಗಿಲ ಮೇಳಿ ಹಿಡಿಯಲು, ಹಿಟ್ಟು ಕಲಸಲು, ಹಗ್ಗ ಹೊಸೆಯಲು ಆ ಕೈ ಬರುತ್ತಿತ್ತು. ಕೊಡಲಿ ಎತ್ತಲು, ಎತ್ತಿನ ಮೇಲೆ ಬಾರುಕೋಲು ಬೀಸಲು, ಕಾಗೆ ಓಡಿಸಲು ಬರುತ್ತಿರಲಿಲ್ಲ. ಉಣ್ಣುವಾಗ ಕೈ ಬಾಯಿಗೆ ಬರುತ್ತಿರಲಿಲ್ಲ. ಬಾಯಿಯೇ ಕೈಗೆ ಇಳಿಯುತ್ತಿತ್ತು. ಮೊದಲು ಇದನ್ನು ಅರಿತದ್ದು ಪ್ರಾಣಿಗಳು. ಅವನ ಹೆಜ್ಜೆ ಸದ್ದಿಗೆ ಮಂಚದ ಕೆಳಗೆ ನುಸುಳುತ್ತಿದ್ದ ನಾಯಿ ಈಗ ಆ ಅಂಗೈ ಮೇಲೆ ಗದ್ದವಿಟ್ಟು ಮಲಗುತ್ತಿತ್ತು. ಬಾರುಕೋಲಿಲ್ಲದೆ ಎತ್ತುಗಳು ತಾವೇ ತಿರುಗುತ್ತಿದ್ದವು. ಕಾಗೆಗಳು ಅಂಗಳಕ್ಕಿಳಿದು ಅವನ ಬೆರಳ ಸಂದಿನಿಂದ ರೊಟ್ಟಿ ಕಿತ್ತುಕೊಂಡು ಹೋಗುತ್ತಿದ್ದವು. ಅವನು ನೋಡುತ್ತ ಕೂತಿರುತ್ತಿದ್ದ. ಕೈಯೂ ನೋಡುತ್ತಿದೆಯೇನೋ ಎಂದು ಖೇಮ್ ಕೌರಳಿಗೆ ಅನಿಸುತ್ತಿತ್ತು.

ಇನ್ನೂ ಒಂದಿತ್ತು, ಅದನ್ನು ಅವಳು ಯಾರಿಗೂ ಹೇಳಲಿಲ್ಲ. ನಡುಹಗಲಿನಲ್ಲಿ, ಊರೆಲ್ಲ ಗದ್ದೆಗೆ ಹೋಗಿ ಓಣಿ ಬಿಕೋ ಎನ್ನುವ ಹೊತ್ತಿನಲ್ಲಿ, ಅವಳ ಕಿವುಡು ಕಿವಿಯಲ್ಲಿ ಆ ಸದ್ದು ಬರುತ್ತಿತ್ತು. ಧಬ್. ಧಬ್. ಬಲಗಿವಿ ಮುಚ್ಚಿಕೊಂಡರೆ ಇನ್ನೂ ಸ್ಪಷ್ಟ. ಒಮ್ಮೆ ಹಾಗೆ ಬಂದಾಗ ಮಂಚದ ಕಡೆ ತಿರುಗಿದಳು. ಗಂಡ ನಿದ್ದೆಯಲ್ಲಿದ್ದ. ಕಂಬಳಿಯ ಮೇಲಿದ್ದ ಬಲಗೈಯ ಬೆರಳುಗಳು ಒಂದೊಂದು ಸದ್ದಿಗೂ ಒಮ್ಮೆ ನಡುಗಿ ಬಿಚ್ಚಿಕೊಳ್ಳುತ್ತಿದ್ದವು, ತಾಳ ತಪ್ಪದೆ.

ಊರು ಮೊದಲು ಮರುಗಿತು, ಆಮೇಲೆ ಹೆದರಿತು, ಆಮೇಲೆ ಕೈಮುಗಿಯಿತು. ಪಕ್ಕದ ಹಳ್ಳಿಗಳಿಂದ ಹೆಂಗಸರು ಕೂಸುಗಳನ್ನು ತಂದು ಆ ಕೈ ಕೆಳಗೆ ಮಲಗಿಸಿ ಹೋದರು. ಝಂಡಾ ಸಿಂಗನಿಗೆ ಇದನ್ನು ತಡೆಯಲಾಗಲಿಲ್ಲ. ಒಂದು ಸಂಜೆ ಬಾವಿಯ ಬಳಿ ಜನರೆದುರಿಗೆ ವಧಾವನ ಕಾಲ ಬುಡಕ್ಕೊಂದು ಕೋಲು ಎಸೆದ. "ಎತ್ತೋ ಸಂತ," ಅಂದ. "ನಾಟಕ ಸಾಕು. ಇಲ್ಲಿ ಪೊಲೀಸರಿಲ್ಲ." ಅಂದವನೇ ಕೆನ್ನೆಗೊಂದು ಬಾರಿಸಿದ. ಪೇಟ ಓರೆಯಾಯಿತು. ಎಲ್ಲರೂ ನೋಡಿದ್ದು ವಧಾವನ ಮುಖವನ್ನಲ್ಲ, ಕೈಯನ್ನು. ಕೈ ತೂಗುತ್ತಿತ್ತು, ಅಷ್ಟೇ. ಝಂಡಾ ಸಿಂಗ್ ತನ್ನ ಕೈಯನ್ನೊಮ್ಮೆ ನೋಡಿಕೊಂಡು, ಅದನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಹೊರಟುಹೋದ. ಮಾರನೆಯ ದಿನದಿಂದ ಆ ಓಣಿಯಲ್ಲಿ ಅವನು ಕಾಣಿಸಲಿಲ್ಲ.

ಮಾಘಿ ಹಬ್ಬ ಕಳೆಯುವ ಹೊತ್ತಿಗೆ ಖೇಮ್ ಕೌರ್ ಮತ್ತೆ ಬಸಿರಾಗಿದ್ದಳು. ಈ ಸಲ ಅವಳು ನಿದ್ದೆ ಮಾಡುತ್ತಿದ್ದಳು, ಹೊಟ್ಟೆ ತುಂಬ ಉಣ್ಣುತ್ತಿದ್ದಳು. ಬಾಗಿಲ ಸದ್ದಿಗೆ ಬೆಚ್ಚುತ್ತಿರಲಿಲ್ಲ. ಗಂಡನ ಕೈ ಹೀಗೇ ಇರಲಿ ಎಂದು ಬೇಡಿಕೊಳ್ಳುವುದು ಪಾಪವೆಂದು ಗೊತ್ತಿದ್ದೂ ಬೇಡಿಕೊಳ್ಳುತ್ತಿದ್ದಳು.

ಅತರ್ ಕೌರಳ ಯೋಚನೆ ಬೇರೆ. ಮಗ ಕೊಡಲಿ ಎತ್ತದೆ ಗದ್ದೆಯ ಕೆಲಸ ಹೇಗೆ ಸಾಗೀತು? ಚಳಿಗಾಲವೆಲ್ಲ ತಲೆಯ ಮೇಲೆ ಕೈಹೊತ್ತು ಕೂತಿದ್ದವಳಿಗೆ ಒಂದು ದಿನ ಮಜ್ಜಿಗೆ ಕಡೆಯುತ್ತಿದ್ದಾಗ ಹೊಳೆಯಿತು. ಕಡಗೋಲು ನಿಲ್ಲಿಸಿ ಸೊಸೆಯನ್ನು ಕರೆದಳು.

"ಖೇಮೋ, ನಮ್ಮಲ್ಲಿ ಬಾವಿ ತೋಡಿದ್ರೂ ಶುರುವಿಗೊಂದು ಅರದಾಸ, ಮುಗಿದ ಮೇಲೊಂದು ಅರದಾಸ ಅಲ್ವಾ? ಇವನು ತಖ್ತ್ ಮುಂದೆ ಕೈ ಎತ್ತಲ್ಲ ಅಂತ ಶುರುವಿನದು ಹೇಳ್ದ. ಮುಗಿಸೋ ಹೊತ್ತಿಗೆ ಜ್ವರದಲ್ಲಿ ಬಿದ್ದಿದ್ದ. ಮಿಕ್ಕವರ ಪ್ರತಿಜ್ಞೆ ಎಲ್ಲ ಬಿಚ್ಚಿ ಕೊಟ್ರು, ಇವನದು ಹಾಗೇ ಕಟ್ಟಿಕೊಂಡು ಕೂತಿದೆ. ಅದಕ್ಕೇ ಕೈ ಏಳ್ತಿಲ್ಲ. ಹೋಗಿ ಮುಗಿಸಿಕೊಂಡು ಬಂದ್ರೆ ಆಯ್ತು."

ಖೇಮ್ ಕೌರಳ ಕೈಯಿಂದ ಹಾಲಿನ ಚೊಂಬು ಜಾರಿತು. ಅತ್ತೆ ಬೈಯಲಿಲ್ಲ. ಸೊಸೆಯ ಹೊಟ್ಟೆಯನ್ನೊಮ್ಮೆ ನೋಡಿ, ಬೇಗ ಕಣ್ಣು ತಿರುಗಿಸಿ ಮತ್ತೆ ಕಡೆಯತೊಡಗಿದಳು.

ಹೊಸ ವರ್ಷದ ಚೇತ್ ತಿಂಗಳ ಮೊದಲ ದಿನ ಅಮೃತಸರಕ್ಕೆ ಹೋಗುವುದೆಂದಾಯಿತು. ವಧಾವಾ ಸಿಂಗ್ ಬೇಡ ಎನ್ನಲಿಲ್ಲ, ಬೇಕು ಎನ್ನಲೂ ಇಲ್ಲ.

ಹೊರಡುವ ದಿನ ಮುಂಜಾವಿನಲ್ಲಿ ಖೇಮ್ ಕೌರ್ ಗದ್ದೆಯ ಕಡೆ ಹೋಗಿದ್ದಳು. ಸಾಸಿವೆ ಹೂ ಉದುರುವ ಕಾಲ. ಮಂಜು ಎದೆಯುದ್ದ ನಿಂತಿತ್ತು. ಹಿಪ್ಪುನೇರಳೆ ಮರದ ಕೆಳಗೆ ಯಾರೋ ಬೆನ್ನು ಮಾಡಿ ನಿಂತಿದ್ದರು. ಗಂಡನೆಂದು ಗುರುತು ಸಿಕ್ಕಿತು. ಕರೆಯಬೇಕು ಅನ್ನುವಷ್ಟರಲ್ಲಿ ಮಂಜಿನೊಳಗಿಂದ ಅವನ ಬಲಗೈ ಮೇಲಕ್ಕೆ ಬಂತು. ನಿಧಾನವಾಗಿ, ಬಾವಿಯಿಂದ ಕೊಡ ಮೇಲೆ ಬರುವ ಹಾಗೆ, ಎದೆ ದಾಟಿ, ಭುಜ ದಾಟಿ, ನೆತ್ತಿಯ ಮೇಲಿನ ಕೊಂಬೆಯವರೆಗೆ. ಅಲ್ಲಿ ನಿಂತಿತು. ಬೆರಳುಗಳು ಮಡಚಿ ಮುಷ್ಟಿಯಾದವು. ಮೊದಲಿನದೇ ಮುಷ್ಟಿ. ಅವನು ತಲೆಯೆತ್ತಿ ಅದನ್ನು ನೋಡಿದ, ಮನೆಗೆ ನುಗ್ಗಿದ ಅಪರಿಚಿತನನ್ನು ನೋಡುವಂತೆ. ಆಮೇಲೆ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿ, ಕೈಯನ್ನು ಇಳಿಸಿ, ಕಂಬಳಿಯ ಮಡಿಕೆಯೊಳಗೆ ಸೇರಿಸಿಟ್ಟುಕೊಂಡ.

ಖೇಮ್ ಕೌರ್ ಹೇಗೆ ಮನೆಗೆ ಬಂದಳೋ ಅವಳಿಗೇ ತಿಳಿಯದು. ಕೈ ಎಚ್ಚರವಾಗಿತ್ತು. ಅವಳು ಮೈಮರೆತು ಮಲಗಿದ್ದಾಗ ಅದು ಪಕ್ಕದಲ್ಲೇ ಎಚ್ಚರವಾಗಿ ಮಲಗಿತ್ತು. ಎಷ್ಟು ದಿನದಿಂದ? ಕಾಗೆಗಳಿಗೂ ಗೊತ್ತಿರಲಿಲ್ಲವೆ? ನಾಯಿಗೂ?

ಗಾಡಿ ದಾರಿಯುದ್ದಕ್ಕೂ ಅವಳು ಅವನ ಎಡಪಕ್ಕದಲ್ಲಿ ಕೂತಿದ್ದಳು.

ಅಮೃತಸರದಲ್ಲಿ ಜನ ನೆರೆದಿದ್ದರು. ಕೊಳದ ಮೆಟ್ಟಿಲಿಳಿದು ಅತರ್ ಕೌರ್ ಸ್ನಾನಕ್ಕೆ ಹೋದಳು. ಗಂಡ ಹೆಂಡತಿ ಇಬ್ಬರೇ ಉಳಿದರು. ನೀರಿನ ಮೇಲೆ ಬಂಗಾರದ ಮಂದಿರದ ನೆರಳು ಅಲ್ಲಾಡುತ್ತಿತ್ತು. ಖೇಮ್ ಕೌರ್ ಮುಸುಕು ಸರಿಸದೆಯೇ, ನೀರನ್ನೇ ನೋಡುತ್ತ ಹೇಳಿದಳು.

"ಕೈ ಏಳುತ್ತೆ."

ಅವನು ಕಂಬಳಿಯನ್ನು ಬಲಗೈ ಮೇಲೆ ಎಳೆದುಕೊಂಡ. "ನೋಡಿದ್ಯಾ," ಅಂದ.

"ಇವತ್ತು ಬೆಳಿಗ್ಗೆ ನೋಡಿದೆ. ನಿಮಗೆ ಯಾವಾಗಿಂದ ಗೊತ್ತು?"

"ಮಾಘಿಯಿಂದ. ಬಾವಿ ಹತ್ರ ಝಂಡಾ ಹೊಡೆದನಲ್ಲ, ಆಗ ಒಳಗೆ ಅಲ್ಲಾಡ್ತು. ಅವತ್ತೇ ಏಳ್ತಿತ್ತು. ನಾನೇ ಅದರ ಮೇಲೆ ಕೂತೆ."

"ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆ ನಿಜವಾಗ್ಲೂ ಏಳ್ತಿರಲಿಲ್ಲ ಕಣೆ. ಯಾರೋ ಹಿಡ್ಕೊಂಡಿದ್ರು. ಯಾರು ಅಂತ ಕೇಳಬೇಡ."

ಅವಳಿಗೆ ಕೇಳಬೇಕಿದ್ದದ್ದು ಬೇರೆ. "ಎತ್ತಿ ತೋರಿಸಬಹುದಿತ್ತಲ್ಲ. ಬೇಬೆ ಎಷ್ಟು ಕೊರಗಿದ್ರು."

ವಧಾವಾ ಸಿಂಗ್ ಕಂಬಳಿಯೊಳಗೇ ಕೈಯನ್ನು ಅದುಮಿ ಹಿಡಿದಿದ್ದ. "ಎದ್ದರೆ ಅದು ಎಲ್ಲಿಗೆ ಹೋಗುತ್ತೆ ಅಂತ ನಂಗೆ ಗೊತ್ತು. ನಿಂಗೂ ಗೊತ್ತು. ಅವತ್ತು ಧೂಳಲ್ಲಿ ಬಿದ್ದಿದ್ದಾಗ ನೀನು ಏರಿ ಮೇಲೆ ಕೂತಿದ್ದೆ. ಒಂದೊಂದು ಏಟಿಗೂ, ಇದು ಅವಳಿಗೆ ಹೀಗೇ ಆಗ್ತಿತ್ತು, ಹೀಗೇ ಆಗ್ತಿತ್ತು ಅಂತ..." ಅವನ ಜೀವಮಾನದಲ್ಲಿ ಅದರ ಬಗ್ಗೆ ಅವನು ಆಡಿದ್ದು ಅಷ್ಟೇ.

ಅತ್ತೆ ಒದ್ದೆ ಕೂದಲು ಹಿಂಡಿಕೊಳ್ಳುತ್ತ ಬಂದಳು.

ಅಕಾಲ್ ತಖ್ತ್‌ನ ಮುಂದೆ ಅರದಾಸ ಹೇಳುವ ಭಾಯಿಜಿ ಮುದುಕರು. ಯಾರ ಹೆಸರಿನಲ್ಲಿ, ಯಾವುದಕ್ಕೆ ಎಂದು ಕೇಳಿದರು. ಅತರ್ ಕೌರ್ ಎಲ್ಲವನ್ನೂ ಹೇಳಿದಳು: ಜಾಥಾ, ಜ್ವರ, ತಪ್ಪಿಹೋದ ಸಮಾಪ್ತಿ, ಏಳದ ಕೈ. ಭಾಯಿಜಿ ತಲೆಯಾಡಿಸಿದರು. ಜಾಥಾದ ಪ್ರತಿಜ್ಞೆ ಜಾಥಾದೊಂದಿಗೇ ಮುಗಿಯಿತು, ಆದರೂ ಮನಸ್ಸಿನ ಸಮಾಧಾನಕ್ಕೆ ಹೇಳೋಣ ಎಂದರು. ಎಲ್ಲರೂ ಎದ್ದು ನಿಂತು ಕೈ ಜೋಡಿಸಿದರು. ವಧಾವಾ ಸಿಂಗನ ಕೈಗಳು ಹೊಟ್ಟೆಯ ಮಟ್ಟದಲ್ಲಿ ಜೋಡಿಕೊಂಡಿದ್ದವು.

ಮಾತಾಡಿದ್ದು ಖೇಮ್ ಕೌರ್. ಇಷ್ಟು ಜನರೆದುರಿಗೆ ಅವಳ ದನಿ ಹೊರಬಂದದ್ದು ಅದೇ ಮೊದಲು. ಒಂದೇ ಕಿವಿಯವಳಾದ್ದರಿಂದ ಎಷ್ಟು ಗಟ್ಟಿಯಾಯಿತೆಂದು ಅವಳಿಗೆ ತಿಳಿಯಲಿಲ್ಲ.

"ಸಮಾಪ್ತಿದು ಬೇಡ ಭಾಯಿಜಿ. ಶುರುವಿನದು ಹೇಳಿ. ಅವತ್ತಿನ ಪ್ರತಿಜ್ಞೆ ಗುರುವಿನ ತೋಪಿಗೆ ಮಾಡಿದ್ದು. ಇದು ಮನೆಗೆ. ಏನೇ ಆದರೂ ಕೈ ಎತ್ತೆ ಅಂತ."

ಭಾಯಿಜಿ ಅವಳನ್ನು ನೋಡಿದರು. ಅವನನ್ನು ನೋಡಿದರು. ಅತರ್ ಕೌರ್ ಸೊಸೆಯ ಕಡೆ ತಿರುಗಿದಳು. ಬೈಗುಳ ಬರುತ್ತದೆಂದು ಖೇಮ್ ಕೌರ್ ಕಾದಳು. ಸೊಸೆಯ ಹೊಟ್ಟೆಯ ಮೇಲೆ ನಿಂತ ಅತ್ತೆಯ ಕಣ್ಣು ಈ ಸಲ ಪಕ್ಕಕ್ಕೆ ಸರಿಯಲಿಲ್ಲ.

"ಹೇಳಿ ಭಾಯಿಜಿ," ಅಂದಳು ಅತರ್ ಕೌರ್. "ಅವಳು ಹೇಳಿದ್ದನ್ನೇ ಹೇಳಿ. ಅವಳು ಕಾಲು ಜಾರಿ ಬಿದ್ದಿರಲಿಲ್ಲ."

ವಧಾವಾ ಸಿಂಗ್ ಪ್ರತಿಜ್ಞೆಯ ಮಾತುಗಳನ್ನು ಭಾಯಿಜಿಯ ಹಿಂದೆಯೇ ಹೇಳಿದ, ಕೊನೆಯವರೆಗೂ.

ಕೈ ಏಳಲಿಲ್ಲ ಎಂದೇ ಊರಿಗೆ ಹೇಳಿದರು. ಕೊಡಲಿ ಕೆಲಸಕ್ಕೆ ನೇಕಾರರ ಮನೆಯವರು ಬಂದುಹೋದರು. ಆಶ್ವಿನದಲ್ಲಿ ಮಗಳು ಹುಟ್ಟಿದಳು. ಅಪ್ಪನ ಬಲಗೈಗೆ ಜೋತುಬಿದ್ದು ಉಯ್ಯಾಲೆಯಾಡುತ್ತ ಬೆಳೆದಳು. ಆ ಕೈ ಸತ್ತ ಕೈ ಎಂದೇ ಅವಳು ಬಹಳ ಕಾಲ ನಂಬಿದ್ದಳು.

ಖೇಮ್ ಕೌರಳ ಕಿವಿಗೆ ಮಾತ್ರ ಬಿಡುಗಡೆ ಸಿಗಲಿಲ್ಲ. ವರ್ಷಗಳ ಮೇಲೆ ವರ್ಷ ಕಳೆದರೂ ಕೆಲವು ನಡುಹಗಲು ಅದು ಬರುತ್ತಿತ್ತು. ಧಬ್. ಧಬ್. ಆಗ ಅವಳ ಕೈ ಕಡಗೋಲಿನ ಹಗ್ಗದ ಮೇಲೆ ಹಾಗೇ ನಿಲ್ಲುತ್ತಿತ್ತು, ಕತ್ತು ತಾನಾಗಿ ಅಂಗಳದ ಕಡೆ ಹೊರಳುತ್ತಿತ್ತು. ಹಗ್ಗದ ಸದ್ದು ನಿಂತದ್ದು ವಧಾವಾ ಸಿಂಗನಿಗೂ ಕೇಳಿಸುತ್ತಿತ್ತು. ಅವನು ತಲೆಯೆತ್ತುತ್ತಿರಲಿಲ್ಲ. ಮಡಿಲಲ್ಲಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ, ಮಂಚದ ಅಂಚಿನ ಮೇಲೆ ಅಂಗೈ ಮೇಲಾಗಿಸಿ, ಅವಳಿಗೆ ಕಾಣುವ ಕಡೆ ಇಡುತ್ತಿದ್ದ. ಹಗ್ಗವನ್ನು ಮತ್ತೆ ಎಳೆಯುವ ಸದ್ದು ಕೇಳುವವರೆಗೂ ಅದು ಅಲ್ಲೇ ಇರುತ್ತಿತ್ತು.